ತೆರೆದು ತೋರಿಸುವ ಚೀಲ

ಕ್ಯಾಮೆರಾಕ್ಕೊಂದು ಚೀಲ ಕೊಳ್ಳುವುದು ದೊಡ್ಡ ಸಂಗತಿಯೇ ಎಂದು ನೀವು ಕೇಳಬಹುದು. ಈ ಹವ್ಯಾಸ ಹಿಡಿದ ಯಾರನ್ನಾದರೂ ವಿಚಾರಿಸಿ ನೋಡಿ. ಅವರ ಮನೆಯ ಅಟ್ಟದ ಮೇಲೆ ಬಳಸದೆ ಬಿಟ್ಟ ಎರಡು ಮೂರು ಚೀಲಗಳು ಇದ್ದೇ ಇರುತ್ತವೆ. ಒಂದು ಚಿಕ್ಕದಾಯಿತು, ಒಂದು ಭಾರವಾಯಿತು, ಇನ್ನೊಂದರ ಝಿಪ್ಪು ಕೈಕೊಟ್ಟಿತು. ಎಲ್ಲರಿಗೂ ಒಗ್ಗುವ ಚೀಲ ಇನ್ನೂ ಯಾರೂ ಹೊಲಿದಿಲ್ಲ. ನಾವು ಎಲ್ಲಿಗೆ ಹೋಗುತ್ತೇವೆ, ಏನು ಹೊತ್ತು ಹೋಗುತ್ತೇವೆ, ಯಾರ ನಡುವೆ ನಿಲ್ಲುತ್ತೇವೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ನಾನು ಕಥೆ ಬರೆಯುವವನು. ಕೆಲವು ವರ್ಷಗಳಿಂದ ಹಳೆಯ ಮಸೀದಿ, ದರ್ಗಾ, ಗೋರಿಗಳ ಮೇಲಿನ ಅರಬಿ, ಫಾರಸಿ ಬರಹಗಳ ಚಿತ್ರ ತೆಗೆಯುವ ಗೀಳು ಹತ್ತಿದೆ. ಹೀಗಾಗಿ ಮತ್ತೆ ಮತ್ತೆ ಬೀದರಿಗೆ ಹೋಗುತ್ತೇನೆ. 1472ರಲ್ಲಿ ಕಟ್ಟಿದ ಮಹಮೂದ್ ಗಾವಾನನ ಮದರಸದ ಗೋಡೆಯ ಮೇಲೆ ಬಣ್ಣದ ಹೆಂಚಿನ ಅಕ್ಷರಗಳು ಇನ್ನೂ ಅಷ್ಟಿಷ್ಟು ಉಳಿದಿವೆ. ಅವು ಎತ್ತರದಲ್ಲಿರುವುದರಿಂದ ಉದ್ದದ ಲೆನ್ಸ್ ಬೇಕು. ಪಕ್ಕದ ಅಷ್ಟೂರಿನಲ್ಲಿ, 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ಬಹಮನಿಯ ಗೋರಿಯೊಳಗೆ ಗೋಡೆ, ಗುಮ್ಮಟಗಳ ತುಂಬ ಬಣ್ಣದ ಚಿತ್ತಾರ ಮತ್ತು ಬರಹ. ಒಳಗೆ ಬೆಳಕು ತೀರಾ ಕಡಿಮೆ. ಅಲ್ಲಿಗೆ ಅಗಲ ನೋಟದ, ಮಂದ ಬೆಳಕಿನಲ್ಲೂ ಕೆಲಸ ಮಾಡುವ ಲೆನ್ಸ್ ಬೇಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು ಬೇರೆಯೇ ಅನುಮತಿ ಪಡೆಯಬೇಕು. ಆದ್ದರಿಂದ ಟ್ರೈಪಾಡ್ ಬಿಗಿಯುವ ಪಟ್ಟಿಗಳಿರುವ ಚೀಲ ನನಗೆ ಬೇಡವಾಗಿತ್ತು.

ಇನ್ನು ಭಾರದ ಲೆಕ್ಕ. ಕ್ಯಾಮೆರಾ ಮುಕ್ಕಾಲು ಕಿಲೋ, ಉದ್ದದ ಲೆನ್ಸ್ ಒಂದೂವರೆ ಕಿಲೋ, ಅಗಲದ್ದು ಮುಕ್ಕಾಲು ಕಿಲೋ. ಚಾರ್ಜರ್, ಬ್ಯಾಟರಿ, ನೀರಿನ ಬಾಟಲಿ ಸೇರಿದರೆ ನಾಲ್ಕೂವರೆ ಕಿಲೋ ಆಯಿತು. ದಪ್ಪ ಫೋಮ್ ತುಂಬಿದ ದೊಡ್ಡ ಚೀಲ ತಾನೇ ಎರಡು ಕಿಲೋ ತೂಗುತ್ತದೆ. ಇಷ್ಟನ್ನೂ ಒಂದೇ ಹೆಗಲಿಗೆ ಹಾಕಿಕೊಂಡು ದಿನವಿಡೀ ತಿರುಗಿದರೆ ರಾತ್ರಿ ಕುತ್ತಿಗೆ ಹೊರಳುವುದಿಲ್ಲ. ಬಗಲಿಗೆ ಹಾಕುವ ಚೀಲದಲ್ಲಿ ಕ್ಯಾಮೆರಾ ಬೇಗ ಕೈಗೆ ಸಿಗುತ್ತದೆ, ಗದ್ದಲದಲ್ಲಿ ಅದನ್ನು ಎದೆಯ ಮುಂದಕ್ಕೆ ಎಳೆದುಕೊಳ್ಳಬಹುದು. ಬೆನ್ನಿಗೆ ಹಾಕುವುದರಲ್ಲಿ ಭಾರ ಎರಡೂ ಹೆಗಲಿಗೆ ಹಂಚಿಹೋಗುತ್ತದೆ. ಸೊಂಟದ ಪಟ್ಟಿ ಇದ್ದರೆ ಇನ್ನೂ ಹಗುರ. ಅಷ್ಟೂರಿನ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಸೇರುತ್ತಾರೆ. ಅಂಥ ಜನಜಂಗುಳಿಯಲ್ಲಿ ಬೆನ್ನಿನ ಮೇಲಿನ ಝಿಪ್ಪನ್ನು ಯಾರು ಎಳೆದರೂ ನಮಗೆ ತಿಳಿಯದು. ಅದಕ್ಕಾಗಿಯೇ ಬೆನ್ನಿಗೆ ಅಂಟುವ ಕಡೆಯಿಂದ ತೆರೆದುಕೊಳ್ಳುವ ಚೀಲಗಳು ಬಂದಿವೆ. ನೆಲದ ಮೇಲೆ ಮಲಗಿಸಿ ತೆರೆದಾಗ ಹೆಗಲ ಪಟ್ಟಿಗಳಿಗೆ ಮಣ್ಣೂ ಮೆತ್ತುವುದಿಲ್ಲ.

ಅಂಗಡಿಯವರು ಹೇಳದ ಒಂದು ಅಗತ್ಯವೂ ನನಗಿತ್ತು. ಪ್ರಯಾಣದ ನಡುವೆ ಮಸೀದಿಗೆ ಹೋದರೆ ಚೀಲ ಎಲ್ಲಿಡುವುದು? ಚಪ್ಪಲಿಯ ಬಳಿ ಬಿಟ್ಟರೆ ಮನಸ್ಸು ನಮಾಜಿನಲ್ಲಿ ನಿಲ್ಲುವುದಿಲ್ಲ. ದೊಡ್ಡ ಚೀಲವನ್ನು ಮುಂದಿಟ್ಟರೆ ಸಜ್ದಾಕ್ಕೆ ಜಾಗವಿರದು, ಪಕ್ಕದಲ್ಲಿಟ್ಟರೆ ಸಫ್ ಒಡೆಯುತ್ತದೆ. ಹೀಗಾಗಿ ಅಗಲ ಕಡಿಮೆಯಿದ್ದು, ಗೋಡೆಗೆ ಒರಗದೆ ತಾನಾಗಿ ನಿಲ್ಲುವ ಚೀಲ ಬೇಕು. ಒಳಗೆ ಮಡಿಸಿದ ಒಂದು ಜಾನಮಾಜ್ ಮತ್ತು ಟೋಪಿಗೂ ಜಾಗ ಬೇಕು.

ಮಳೆಯ ವಿಷಯದಲ್ಲಿ ಒಂದು ಮಾತು. ಮೇಲುಹೊದಿಕೆ ಇಲ್ಲದ ಚೀಲವನ್ನು ನಮ್ಮ ಮಳೆಗಾಲಕ್ಕೆ ಕೊಳ್ಳಬೇಡಿ. ಆದರೆ ಎಷ್ಟೇ ಒಳ್ಳೆಯ ಚೀಲವಿದ್ದರೂ ಮನೆಗೆ ಬಂದ ಮೇಲೆ ಲೆನ್ಸನ್ನು ಅದರಲ್ಲೇ ಬಿಡಬಾರದು. ಫೋಮ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಗಾಜಿನ ಮೇಲೆ ಬೂಷ್ಟು ಬೆಳೆಯುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುವುದೇ ಕ್ಷೇಮ. ಚೀಲ ಪ್ರಯಾಣಕ್ಕೆ, ಡಬ್ಬಿ ಮನೆಗೆ.

ಇಲ್ಲಿಯವರೆಗಿನ ಮಾತನ್ನು ಯಾರು ಬೇಕಾದರೂ ಹೇಳಬಹುದು. ಛಾಯಾಗ್ರಾಹಕರು ಸಾಮಾನ್ಯವಾಗಿ ಕೇಳುವ ಇನ್ನೊಂದು ಗುಣದ ಬಳಿ ಬಂದಾಗ ಮಾತ್ರ ನನ್ನ ದಾರಿ ಬೇರೆಯಾಯಿತು. ಅವರಿಗೆ ಕ್ಯಾಮೆರಾ ಚೀಲ ಕ್ಯಾಮೆರಾ ಚೀಲದಂತೆ ಕಾಣಬಾರದು. ಕಳ್ಳರ ಕಣ್ಣಿಗೆ ಬೀಳಬಾರದು, ಜನ ಎಚ್ಚೆತ್ತು ಬಿಗಿಯಾಗಿ ನಿಲ್ಲಬಾರದು. 1970ರ ದಶಕದಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಪತ್ರಿಕಾ ಛಾಯಾಗ್ರಾಹಕ ಜಿಮ್ ಡಾಮ್ಕಿ ಗಟ್ಟಿ ಪೆಟ್ಟಿಗೆಗಳಿಂದ ಬೇಸತ್ತು ಮೆತ್ತನೆಯ ಕ್ಯಾನ್ವಾಸ್ ಚೀಲ ಮಾಡಿಸಿದ. ಅದನ್ನು ಇಂದಿಗೂ ಪತ್ರಿಕೆಯವರು ಮೆಚ್ಚುತ್ತಾರೆ. ಇಂಗ್ಲೆಂಡಿನ ಬಿಲ್ಲಿಂಗ್‌ಹ್ಯಾಮ್ ಕಂಪೆನಿ ಮೊದಲು ಮೀನು ಹಿಡಿಯುವವರಿಗೆ ಚೀಲ ಹೊಲಿಯುತ್ತಿತ್ತು. ಅವನ್ನೇ ಛಾಯಾಗ್ರಾಹಕರು ಕ್ಯಾಮೆರಾಕ್ಕೆ ಬಳಸತೊಡಗಿದರು. ಒಳಗೆ ಲಕ್ಷ ರೂಪಾಯಿಯ ಸಾಮಾನು, ಹೊರಗೆ ಸಾದಾ ಬಟ್ಟೆ. ಈ ಕಸುಬಿನ ಜಾಣತನ ಅದು.

ನನಗೆ ಬೇಕಾದದ್ದು ಇದರ ತದ್ವಿರುದ್ಧ. ಗಡ್ಡ ಬಿಟ್ಟವನ ಬೆನ್ನಿನ ಮೇಲೆ, ಒಳಗೇನಿದೆ ಎಂದು ಹೇಳದ ಒಂದು ಕಪ್ಪು ಚೀಲ ಈ ಕಾಲದಲ್ಲಿ ಬರೀ ಚೀಲವಾಗಿ ಉಳಿಯುವುದಿಲ್ಲ.

2024ರ ಮಾರ್ಚ್ 1ರಂದು ಬೆಂಗಳೂರಿನ ಒಂದು ಹೋಟೆಲಿನಲ್ಲಿ ಬಾಂಬು ಸಿಡಿಯಿತು. ಅದನ್ನು ಚೀಲದಲ್ಲಿ ತಂದು ಇಟ್ಟುಹೋಗಿದ್ದರು. ತಿಂಡಿ ತಿನ್ನಲು ಬಂದವರು ಗಾಯಗೊಂಡರು. ಆ ಕೃತ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಚೀಲಗಳನ್ನು ತಪಾಸಣೆ ಮಾಡುವುದು ತಪ್ಪೂ ಅಲ್ಲ. ನನ್ನ ಮನೆಯವರೂ ಅಂಥ ಹೋಟೆಲುಗಳಿಗೆ ಹೋಗುತ್ತಾರೆ. ತಪಾಸಣೆ ನನ್ನನ್ನೂ ಕಾಯುತ್ತದೆ.

ಆ ವರ್ಷದ ಬೇಸಿಗೆಯಲ್ಲಿ ಒಂದು ರೈಲು ನಿಲ್ದಾಣದಲ್ಲಿ ನನ್ನ ಹಳೆಯ ಚೀಲವನ್ನು ತೆರೆಯಲು ಹೇಳಿದರು. ಅದು ಮೇಲಿನಿಂದ ತೆರೆಯುವ ಸಾದಾ ಚೀಲ. ಒಂದೊಂದೇ ಸಾಮಾನನ್ನು ಹೊರಗೆ ತೆಗೆದು ಮೇಜಿನ ಮೇಲಿಡಬೇಕಾಯಿತು. ಲೆನ್ಸ್ ನೋಡಿದರು, ಬ್ಯಾಟರಿ ನೋಡಿದರು. ಜಾನಮಾಜ್ ಕೈಗೆತ್ತಿಕೊಂಡು, "ಇದೇನು?" ಎಂದರು.

"ನಮಾಜ್ ಮಾಡುವ ಬಟ್ಟೆ ಸರ್."

ಅದನ್ನು ಬಿಡಿಸಿ, ಕೊಡವಿ ನೋಡಿದರು. "ತಪ್ಪು ತಿಳಿಯಬೇಡಿ, ಡ್ಯೂಟಿ" ಎಂದೂ ಅಂದರು. ಒರಟು ಮಾತು ಒಂದೂ ಇರಲಿಲ್ಲ. ಆದರೆ ನನ್ನ ಹಿಂದೆ ನಿಂತವರ ಬೆನ್ನ ಮೇಲೂ ಅದೇ ಅಳತೆಯ ಚೀಲವಿತ್ತು. ಅವರನ್ನು ಕೈಬೀಸಿ ಒಳಗೆ ಬಿಟ್ಟರು. ನಾನು ಬಟ್ಟೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಲು ಹೆಣಗುತ್ತಿದ್ದೆ. ಜನ ನೋಡುತ್ತಿದ್ದರು.

ಉರ್ದು ಶಾಲೆಯಲ್ಲಿ ನಾವು ಪುಸ್ತಕದ ಚೀಲಕ್ಕೆ ಬಸ್ತಾ ಅನ್ನುತ್ತಿದ್ದೆವು. ಫಾರಸಿಯಲ್ಲಿ ಅದಕ್ಕೆ 'ಕಟ್ಟಿದ್ದು' ಎಂದರ್ಥ. ಕನ್ನಡ ಶಾಲೆಗೆ ಬಂದ ಮೇಲೆ ಅದೇ ಪಾಟಿಚೀಲವಾಯಿತು. ಎರಡನ್ನೂ ಹೊತ್ತು ನಡೆದಿದ್ದೇನೆ. ಒಳಗೇನಿದೆ ಎಂದು ಮೇಷ್ಟ್ರ ಹೊರತು ಯಾರೂ ಕೇಳುತ್ತಿರಲಿಲ್ಲ.

ಈ ಸಲ ಬೆಂಗಳೂರಿನ ಅಂಗಡಿಗೆ ಹೋದಾಗ ಮಗಳೂ ಜೊತೆಗಿದ್ದಳು. ಕಾಲೇಜಿನಲ್ಲಿ ಓದುತ್ತಾಳೆ. ನನ್ನಿಂದಲೇ ಕ್ಯಾಮೆರಾ ಹಿಡಿಯಲು ಕಲಿತು ಈಗ ನನಗಿಂತ ಚೆನ್ನಾಗಿ ಚಿತ್ರ ತೆಗೆಯುತ್ತಾಳೆ. ಅಂಗಡಿಯವರು ಸಾದಾ ಚೀಲಗಳನ್ನೇ ತೋರಿಸುತ್ತಿದ್ದರು. "ಇದರಲ್ಲಿ ಕ್ಯಾಮೆರಾ ಇದೆ ಅಂತ ಯಾರಿಗೂ ಗೊತ್ತಾಗಲ್ಲ ಸರ್."

"ಗೊತ್ತಾಗುವಂಥದ್ದು ಕೊಡಿ" ಎಂದೆ.

ಅವರು ನಕ್ಕರು. ಬೂದು ಬಣ್ಣದ್ದೊಂದನ್ನು ತೆಗೆದರು. ಮುಂಭಾಗದಲ್ಲಿ ಕಂಪೆನಿಯ ಹೆಸರು ದೊಡ್ಡದಾಗಿದೆ. ಒಂದೇ ಝಿಪ್ಪನ್ನು ಸುತ್ತ ಎಳೆದರೆ ಪುಸ್ತಕದಂತೆ ಇಡೀ ಚೀಲ ತೆರೆದುಕೊಳ್ಳುತ್ತದೆ. ಪ್ರತಿ ಸಾಮಾನೂ ತನ್ನ ಗೂಡಿನಲ್ಲಿ ಕುಳಿತಿರುವುದು ಒಂದೇ ನೋಟಕ್ಕೆ ಕಾಣುತ್ತದೆ. ಯಾವುದನ್ನೂ ಹೊರಗೆ ತೆಗೆಯಬೇಕಾಗಿಲ್ಲ. ಜಾನಮಾಜನ್ನೂ ಕಾಣುವಂತೆ ಮೇಲಿನ ಬಲೆಯ ಜೇಬಿನಲ್ಲಿ ಇಡಬಹುದು. ಅದನ್ನೇ ಆರಿಸಿದೆ. ಈ ಒಂದು ವರ್ಷದಲ್ಲಿ ಹಲವು ಬಾರಿ ತೆರೆದಿದ್ದೇನೆ. ಒಂದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ. ನನ್ನಂಥ ಸ್ಥಿತಿಯಲ್ಲಿರುವವರಿಗೆ ಇಂಥದ್ದನ್ನೇ ಕೊಳ್ಳಿ ಎನ್ನುತ್ತೇನೆ.

ಮಗಳು ಅಂದು ತನಗಾಗಿ ಆರಿಸಿದ್ದು ಬೇರೆ. ಪಾಚಿ ಬಣ್ಣದ ಕ್ಯಾನ್ವಾಸಿನ ಬಗಲಚೀಲ. ಮೇಲೆ ಹೆಸರಿಲ್ಲ, ಗುರುತಿಲ್ಲ.

"ನಿನಗೂ ನನ್ನ ಹಾಗಿನದೇ ಇರಲಿ ಬೇಟಾ, ತೆರೆದು ತೋರಿಸಲು ಸುಲಭ" ಎಂದೆ. ಅವಳ ತಲೆಯ ಮೇಲಿನ ದುಪಟ್ಟಾ ನನ್ನ ಗಡ್ಡಕ್ಕಿಂತ ದೂರದಿಂದಲೇ ಕಾಣುತ್ತದೆ ಎಂಬ ಯೋಚನೆ ನನ್ನದು.

"ಕೇಳಿದರೆ ತೆರೀತೀನಿ ಅಬ್ಬಾ. ಕೇಳೋಕೆ ಮುಂಚೆನೇ ಯಾಕೆ ಉತ್ತರ ಕೊಡಬೇಕು?"

ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಹೋಮೈ ವ್ಯಾರವಾಲಾ ಸೀರೆಯುಟ್ಟು, ಭಾರದ ಸಲಕರಣೆ ಹೊತ್ತು, ದೆಹಲಿಯ ಬೀದಿಗಳಲ್ಲಿ ಸೈಕಲ್ ತುಳಿಯುತ್ತಿದ್ದರು ಎಂದು ಅವಳಿಗೆ ಹಿಂದೊಮ್ಮೆ ಹೇಳಿಕೊಟ್ಟವನು ನಾನೇ. ಈಗ ಅವಳಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ. ಅವಳ ಚೀಲದ ಹೊಲಿಗೆ ಗಟ್ಟಿಯಿದೆಯೇ, ಪಟ್ಟಿ ಭಾರ ತಡೆಯುತ್ತದೆಯೇ ಎಂದು ನಾಲ್ಕು ಸಲ ಎಳೆದು ನೋಡಿ, ಎರಡಕ್ಕೂ ದುಡ್ಡು ಕೊಟ್ಟೆ.