ಗುಡಿಸು ಕಳೆದುಕೊಂಡ ಪಾಪಿ

ನಮ್ಮ ಬೆಳಗಿನ ವಾಕಿಂಗ್ ಬಳಗದವರು ನಡೆಯುವುದು ಹದಿನೈದು ನಿಮಿಷ, ಕೂರುವುದು ಒಂದು ಗಂಟೆ. ಪಾರ್ಕಿನ ಕಲ್ಲುಬೆಂಚಿನ ಮೇಲೆ ದೇಶದ ಸಕಲ ಸಮಸ್ಯೆಗಳೂ ಎಂಟು ಗಂಟೆಯೊಳಗೆ ಇತ್ಯರ್ಥವಾಗುತ್ತವೆ. ಆಮೇಲೆ ಹಾಲಿನ ಪ್ಯಾಕೆಟ್ ಹಿಡಿದು ಮನೆಗೆ ಹೊರಡುತ್ತೇವೆ. 2024ರ ಚುನಾವಣೆ ಸಮಯದಲ್ಲಿ ಒಂದು ದಿನ ಮಾತ್ರ ಇತ್ಯರ್ಥವಾಗಲಿಲ್ಲ. ಹೆಸರಿನಲ್ಲೇ ‘ಪಿತೃ’ವನ್ನು ಇಟ್ಟುಕೊಂಡಂತಿರುವ ಕಾಂಗ್ರೆಸ್ಸಿನ ಸ್ಯಾಮ್ ಪಿತ್ರೋಡಾ ಅಮೆರಿಕದ ಪಿತ್ರಾರ್ಜಿತ ತೆರಿಗೆಯ ಮಾತೆತ್ತಿದ್ದರು. ಇಲ್ಲಿ ಎರಡೂ ದೊಡ್ಡ ಪಕ್ಷಗಳು ‘ತರುವವರು ನಾವಲ್ಲ, ನಾವಲ್ಲ’ ಎಂದು ಪೈಪೋಟಿಗೆ ಬಿದ್ದಿದ್ದವು. ನಮ್ಮ ಬೆಂಚಿನ ನಿವೃತ್ತ ಮೇಷ್ಟ್ರು ಎದ್ದೇ ನಿಂತರು. ‘ನಮ್ಮಪ್ಪ ಬೆವರು ಸುರಿಸಿ ಮಾಡಿದ ಆಸ್ತಿ ಕಣ್ರೀ! ಅದರಲ್ಲಿ ಪಾಲು ಕೇಳೋಕೆ ಇವರ್ಯಾರು?’

ನನಗೆ ದೊಡ್ಡಪ್ಪ ನೆನಪಾದರು.

ದೊಡ್ಡಪ್ಪ ತಿಪಟೂರಿನ ಒಂದು ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು. ಇಸವಿ 1973 ಇರಬೇಕು. ಪೇಪರು ಓದುತ್ತಿದ್ದವರು ಇದ್ದಕ್ಕಿದ್ದಂತೆ ನಗಲು ಶುರುಮಾಡಿದರು. ‘ಲೋ, ಎರಡು ಲಕ್ಷ ದಾಟಿದ ಮೇಲೆ ಸಾಹುಕಾರ ಇನ್ನೊಂದು ರೂಪಾಯಿ ದುಡಿದರೆ ಅವನ ಕೈಗೆಷ್ಟು ಗೊತ್ತೇನೋ? ಎರಡೂಕಾಲು ಪೈಸೆ!’ ಲೆಕ್ಕ ಸರಿಯಾಗಿಯೇ ಇತ್ತು. ಆಗ ಸರ್‌ಚಾರ್ಜೂ ಸೇರಿ ಮೇಲಿನ ಹಂತದ ಆದಾಯ ತೆರಿಗೆ ಶೇ. 97.75. ಅದರ ಮೇಲೆ ಸಂಪತ್ತಿನ ತೆರಿಗೆ ಬೇರೆ. ಎರಡನ್ನೂ ಕೂಡಿದರೆ ಕೆಲವರಿಗೆ ನೂರು ದಾಟಿ, ದುಡಿದದ್ದಕ್ಕಿಂತ ಕಟ್ಟುವುದೇ ಹೆಚ್ಚಾಗುತ್ತಿತ್ತು. ದೊಡ್ಡಪ್ಪನಿಗೆ ಇದರಿಂದ ಮೂರು ಕಾಸಿನ ಲಾಭವಿಲ್ಲ. ಆದರೂ ಸಿನಿಮಾದ ಕೊನೇ ರೀಲಿನಲ್ಲಿ ವಜ್ರಮುನಿಗೆ ಏಟು ಬಿದ್ದಾಗ ಗಾಂಧಿ ಕ್ಲಾಸಿನಲ್ಲಿ ಕೂತವನಿಗೆ ಆಗುತ್ತದಲ್ಲ, ಆ ಸಂತೋಷ.

ಸಂಜೆ ಅದೇ ದೊಡ್ಡಪ್ಪ ಅದೇ ಸಾಹುಕಾರರ ಮಂಡಿಗೆ ಹೋಗಿ ಎರಡನೇ ಪುಸ್ತಕ ಬರೆಯುತ್ತಿದ್ದರು. ಒಂದನೇ ಪುಸ್ತಕ ಆಡಿಟರಿಗೆ, ಎರಡನೆಯದು ದೇವರಿಗೆ ಮತ್ತು ಸಾಹುಕಾರರಿಗೆ. ಬಿಲ್ಲಿಲ್ಲದ ಬಿಳಿ ಚೀಟಿಯ ವ್ಯಾಪಾರವೆಲ್ಲ ಎರಡನೆಯದರಲ್ಲಿ. ಒಂದನೆಯದರಲ್ಲಿ ಸಾಹುಕಾರರ ಪಾಡು ಓದಿದರೆ ಕಣ್ಣೀರು ಬರಬೇಕು. ಅಲ್ಲಿ ಹುಲುಸಾಗಿ ಬೆಳೆಯುತ್ತಿದ್ದದ್ದು ಅವರ ತೋಟ ಮಾತ್ರ. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಆಗಲೂ ಇಲ್ಲ, ಈಗಲೂ ಇಲ್ಲ. ಹಾಗಾಗಿ ಪುಸ್ತಕದಲ್ಲಿ ಒಂದೊಂದು ತೆಂಗಿನ ಮರವೂ ಕೇಳಿದಷ್ಟು ಕಾಯಿ ಬಿಡುತ್ತಿತ್ತು. ಆ ಸೀಮೆಯನ್ನು ಕಲ್ಪತರು ನಾಡು ಎಂದು ಸುಮ್ಮನೆ ಕರೆದಿಲ್ಲ.

ಇಷ್ಟಕ್ಕೆಲ್ಲ ಮೂಲ ಹುಡುಕುತ್ತಾ ಹೋದರೆ ಕೇಂಬ್ರಿಡ್ಜಿನ ನಿಕೋಲಸ್ ಕಾಲ್ಡೋರ್ ಎಂಬ ಅರ್ಥಶಾಸ್ತ್ರಜ್ಞರು ಸಿಗುತ್ತಾರೆ. 1956ರಲ್ಲಿ ನೆಹರೂ ಸರ್ಕಾರ ಅವರನ್ನು ಕರೆಸಿ ಸಲಹೆ ಕೇಳಿತು. ಸಂಪತ್ತಿಗೆ ಒಂದು, ಉಡುಗೊರೆಗೆ ಒಂದು, ಖರ್ಚಿಗೆ ಒಂದು ತೆರಿಗೆ ಹಾಕಿ, ಆದರೆ ಆದಾಯ ತೆರಿಗೆಯ ತುದಿಯನ್ನು ಶೇ. 45ಕ್ಕೆ ಇಳಿಸಿ ಎಂದರು ಅವರು. ನಾವು ಮೊದಲರ್ಧ ಕೇಳಿಸಿಕೊಂಡೆವು. ಹೊಸ ಸೊಸೆಯರು ಮೂವರು ಬಂದರು, ಹಿರೀ ಸೊಸೆಯ ಕೆಲಸ ಮಾತ್ರ ಕಡಿಮೆಯಾಗಲಿಲ್ಲ. ಖರ್ಚಿನ ತೆರಿಗೆಯ ಕಥೆಯಂತೂ ಪ್ರಹಸನ. 1957ರಲ್ಲಿ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ತಂದರು, 1962ರಲ್ಲಿ ಮೊರಾರ್ಜಿ ತೆಗೆದರು, 1964ರಲ್ಲಿ ಮತ್ತೆ ಟಿಟಿಕೆ ತಂದರು, 1966ರಲ್ಲಿ ಮತ್ತೆ ಹೋಯಿತು. ನಮ್ಮಲ್ಲಿ ಮದುವೆಯ ಖರ್ಚು ಎಷ್ಟಾಯಿತೆಂದು ಹೆಣ್ಣಿನ ಅಪ್ಪನಿಗೇ ಗೊತ್ತಿರುವುದಿಲ್ಲ, ಇನ್ನು ಇನ್‌ಕಮ್ ಟ್ಯಾಕ್ಸ್‌ನವರಿಗೆ ಹೇಗೆ ಗೊತ್ತಾಗಬೇಕು?

ಮೇಷ್ಟ್ರು ಹೆದರಿಕೊಂಡ ಪಿತ್ರಾರ್ಜಿತ ತೆರಿಗೆ ನಮಗೆ ಹೊಸದೇನಲ್ಲ. 1953ರಿಂದ 1985ರವರೆಗೆ ಎಸ್ಟೇಟ್ ಡ್ಯೂಟಿ ಎಂಬ ಹೆಸರಿನಲ್ಲಿ ಇಲ್ಲೇ ಇತ್ತು. ಒಂದು ಕಾಲಕ್ಕೆ ತುದಿಯ ದರ ಶೇ. 85. ಸತ್ತವರ ಆಸ್ತಿಯಲ್ಲಿ ಸರ್ಕಾರ ಹಿರೀಮಗನಿಗಿಂತ ದೊಡ್ಡ ದಾಯಾದಿ. ಅಷ್ಟು ದರ ಇಟ್ಟು ವರ್ಷಕ್ಕೆ ಬಂದದ್ದೆಷ್ಟು? ಅದನ್ನು ರದ್ದು ಮಾಡುವಾಗ ವಿ.ಪಿ. ಸಿಂಗ್ ಬಜೆಟ್ ಭಾಷಣದಲ್ಲಿ ಹೇಳಿದ ಅಂಕಿ ಸುಮಾರು 20 ಕೋಟಿ. ಇಡೀ ದೇಶದಿಂದ! ಆ ಲೆಕ್ಕ ನೋಡಿದರೆ ಭಾರತದಲ್ಲಿ ಮೂವತ್ತೆರಡು ವರ್ಷ ಸಾಹುಕಾರರು ಸಾಯಲೇ ಇಲ್ಲ.

ನಾವು ಪ್ರೀತಿಸಿದ್ದು ಆ 97.75 ಎಂಬ ಅಂಕಿಯನ್ನೇ ಹೊರತು ಅದು ತರಬೇಕಿದ್ದ ದುಡ್ಡನ್ನಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ವಸೂಲಿಯಾಯಿತೇ ಎಂದು ದೊಡ್ಡಪ್ಪ ಒಮ್ಮೆಯೂ ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಆಗಿರಲಿಲ್ಲವೆಂದು ಅವರ ಕೈಬರಹದಲ್ಲೇ ಇತ್ತು.

ಆಮೇಲೆ ದರ ಇಳಿಯುತ್ತಾ ಬಂತು. 1985ರಲ್ಲಿ 50, 1997ರ ‘ಕನಸಿನ ಬಜೆಟ್’ನಲ್ಲಿ 30. ಅದೇ ವರ್ಷ ಬಚ್ಚಿಟ್ಟ ಆದಾಯದ ಸ್ವಯಂಘೋಷಣೆಯ ಯೋಜನೆ ಬಂದು ಸುಮಾರು 33,000 ಕೋಟಿ ರೂಪಾಯಿ ‘ನಾನಿಲ್ಲಿದ್ದೇನೆ’ ಎಂದು ಎದ್ದು ನಿಂತಿತು. ‘ನಮ್ಮ ಎರಡನೇ ಪುಸ್ತಕಕ್ಕೂ ಮೋಕ್ಷ ಸಿಕ್ಕಿತು’ ಎಂದರು ದೊಡ್ಡಪ್ಪ. ಆಗ ಅವರಿಗೆ ಎಂಬತ್ತು.

ಆದರೆ ದರಕ್ಕಿಂತ ಹೆಚ್ಚು ಬದಲಾದದ್ದು ಸಾಹುಕಾರನ ಮುಖ. ವಜ್ರಮುನಿಯ ಸಾಹುಕಾರನಿಗೆ ಜರತಾರಿ ಶಾಲು, ಮೀಸೆ, ಬಡ್ಡಿ ಪತ್ರ. 1999ರಲ್ಲಿ ಇನ್ಫೋಸಿಸ್ ನ್ಯಾಸ್‌ಡ್ಯಾಕ್‌ಗೆ ಹೋದಾಗ ನಾವು ಕಂಡ ಶ್ರೀಮಂತರೋ ಅರ್ಧ ತೋಳಿನ ಅಂಗಿಯವರು, ನಮ್ಮಂತೆಯೇ ಮೇಷ್ಟ್ರ ಮಕ್ಕಳು. ಷೇರು ಸಿಕ್ಕ ಡ್ರೈವರು ಕೋಟ್ಯಧಿಪತಿಯಾದ ಎಂಬ ಸುದ್ದಿ ಬೆಂಗಳೂರಿನ ಪ್ರತಿ ದರ್ಶಿನಿಯಲ್ಲೂ ಕಾಫಿಯ ಜೊತೆಗೇ ಬರುತ್ತಿತ್ತು. ಶ್ರೀಮಂತ ಎಂದರೆ ಇನ್ನೊಬ್ಬ ಎಂಬ ನಂಬಿಕೆ ಹೋಗಿ, ನಾಳೆಯ ನಾನು ಎಂಬ ಆಸೆ ಬಂತು. ನಾಳೆಯ ನನ್ನ ಜೇಬಿಗೆ ಇವತ್ತೇ ಕೈ ಹಾಕಿದರೆ ಯಾರು ಸಹಿಸುತ್ತಾರೆ?

2015ರಲ್ಲಿ ಅರುಣ್ ಜೇಟ್ಲಿ ಸಂಪತ್ತಿನ ತೆರಿಗೆಯನ್ನೂ ತೆಗೆದರು. 2013-14ರಲ್ಲಿ ಅದರಿಂದ ಬಂದದ್ದು 1,008 ಕೋಟಿ ಅಷ್ಟೇ. ಬದಲಿಗೆ ಕೋಟಿ ದಾಟಿದ ಆದಾಯಕ್ಕೆ ಶೇ. 2 ಹೆಚ್ಚುವರಿ ಸರ್‌ಚಾರ್ಜ್ ಹಾಕಿದರು. ಬೆಂಚಿನಲ್ಲಿ ಯಾರೂ ಗಮನಿಸಲೇ ಇಲ್ಲ. 2019ರಲ್ಲಿ ಐದು ಕೋಟಿ ದಾಟಿದವರ ದರ 42.74ಕ್ಕೆ ಏರಿದಾಗ ಮಾತ್ರ ಮೇಷ್ಟ್ರು ನೊಂದುಕೊಂಡರು. ‘ಪಾಪ, ಹೀಗಾದರೆ ಅವರೆಲ್ಲ ದುಬೈಗೆ ಹೋಗಿಬಿಡ್ತಾರೆ.’ ಅವರ ಪಿಂಚಣಿ ಆ ತಿಂಗಳು ಇನ್ನೂ ಬಂದಿರಲಿಲ್ಲ. ದೊಡ್ಡಪ್ಪನ ಕಾಲದಲ್ಲಿ ಸಾಹುಕಾರ ‘ಪಾಪಿ’. ಐವತ್ತು ವರ್ಷದಲ್ಲಿ ಒಂದು ಗುಡಿಸು ಕಳೆದುಕೊಂಡು ‘ಪಾಪ’ ಆಗಿದ್ದಾನೆ.

ಹಾಗೆಂದು ಶ್ರೀಮಂತರು ಕೊಡಬಾರದು ಎಂದೇನೂ ಮೇಷ್ಟ್ರ ವಾದವಲ್ಲ. ವಿಪ್ರೋದ ಪ್ರೇಮ್‌ಜಿ ತಮ್ಮ ಸಂಪತ್ತಿನ ಬಹುಪಾಲನ್ನು ಫೌಂಡೇಶನ್ನಿಗೆ ಬರೆದುಕೊಟ್ಟದ್ದನ್ನು ಹೇಳುವಾಗ ಅವರ ಗಂಟಲು ಕಟ್ಟುತ್ತದೆ. ನಮಗೆ ದಾನ ಅರ್ಥವಾಗುತ್ತದೆ, ತೆರಿಗೆ ಅರ್ಥವಾಗುವುದಿಲ್ಲ. ದೇವಸ್ಥಾನದ ಫ್ಯಾನಿಗೂ ‘ಇಂಥವರ ಸೇವಾರ್ಥ’ ಎಂದು ರೆಕ್ಕೆಯ ಮೇಲೆ ಬರೆಸುತ್ತೇವೆ. ತಿರುಗುವಾಗ ಓದಲಾಗದಿದ್ದರೂ ಚಿಂತೆಯಿಲ್ಲ, ಕರೆಂಟು ಹೋದಾಗ ಓದಬಹುದು. ತೆರಿಗೆ ಕಟ್ಟಿದವನ ಹೆಸರನ್ನು ಯಾವ ರಸ್ತೆಯ ಗುಂಡಿಯ ಮೇಲೆ ಬರೆಯುವುದು?

2024ರ ಆ ಚುನಾವಣೆ ಮುಗಿಯುವ ಹೊತ್ತಿಗೆ ಅರ್ಥಶಾಸ್ತ್ರಜ್ಞ ಥಾಮಸ್ ಪಿಕೆಟಿ ಮತ್ತು ಸಂಗಡಿಗರ ಸಲಹೆ ಪತ್ರಿಕೆಯಲ್ಲಿ ಬಂತು. ಅವರ ಪ್ರಕಾರ ಭಾರತದ ಮೇಲ್ತುದಿಯ ಶೇ. 1 ಜನರ ಬಳಿ ದೇಶದ ಸಂಪತ್ತಿನ ಶೇ. 40 ಇದೆ. 10 ಕೋಟಿ ದಾಟಿದ ಸಂಪತ್ತಿಗೆ ವರ್ಷಕ್ಕೆ ಶೇ. 2, ಅಷ್ಟು ದಾಟಿದ ಪಿತ್ರಾರ್ಜಿತಕ್ಕೆ ಶೇ. 33 ತೆರಿಗೆ ಹಾಕಿ ಎಂದಿದ್ದರು. ಪೇಪರನ್ನು ಬೆಂಚಿಗೆ ಒಯ್ದು ಮೇಷ್ಟ್ರಿಗೆ ಕೊಟ್ಟೆ. ‘ಹತ್ತು ಕೋಟಿಯೊಳಗಿದ್ದರೆ ನಿಮಗೆ ತಾಗುವುದಿಲ್ಲ ಸಾರ್. ನಿಮ್ಮ ತಂದೆಯವರ ಆಸ್ತಿ ಎಷ್ಟಿದೆ?’

ಮೇಷ್ಟ್ರು ಕನ್ನಡಕ ಒರೆಸಿಕೊಂಡರು. ಹುಟ್ಟೂರಿನಲ್ಲಿ ಒಂದು ಮೂವತ್ತು–ನಲವತ್ತರ ಸೈಟು, ಅದರಲ್ಲಿ ಅರ್ಧ ಬಿದ್ದ ಹಂಚಿನ ಮನೆ. ಅಣ್ಣತಮ್ಮಂದಿರು ನಾಲ್ವರು, ಅಕ್ಕ ಒಬ್ಬರು. ಕೇಸು ಹತ್ತೊಂಬತ್ತು ವರ್ಷದಿಂದ ನಡೆಯುತ್ತಿದೆ. ಮುಂದಿನ ವಾಯಿದೆ ದಸರಾ ರಜೆ ಮುಗಿದ ಮೇಲಂತೆ.