ಅಂಗಡಿಗೆ ಹೋಗದ ರೈಲು

ನಮ್ಮ ಮನೆಯ ಅಟ್ಟದ ಮೇಲೆ ಹಳೇ ಬಿಸ್ಕತ್ ಡಬ್ಬಿಯೊಂದಿದೆ. ಅದರ ತುಂಬ ಮರದ ಗೊಂಬೆಗಳು. ಚನ್ನಪಟ್ಟಣದ ಯಾವ ಅಂಗಡಿಯಲ್ಲಿ ಕೇಳಿದರೂ ಇವು ಸಿಗುವುದಿಲ್ಲ. ಯಾಕೆಂದರೆ ಇವೆಲ್ಲ ಪಾಸಾಗದೆ ಉಳಿದ ಸ್ಯಾಂಪಲ್‌ಗಳು.

ಅಪ್ಪ ದೊಡ್ಡಮಳೂರಿನಿಂದ ಚನ್ನಪಟ್ಟಣಕ್ಕೆ ಸೈಕಲ್ಲಿನಲ್ಲಿ ಹೋಗಿ ಲೇತ್ ಕೆಲಸ ಮಾಡುತ್ತಿದ್ದರು. ವ್ಯಾಪಾರಿ ಹೊಸ ಗೊಂಬೆ ಕೇಳಿದರೆ ಮೊದಲು ಒಂದೆರಡು ಮಾಡಿ ತೋರಿಸಬೇಕು. ಆಲೆ ಮರದ ತುಂಡನ್ನು ಲೇತಿನಲ್ಲಿ ಕಡೆದು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಹೂವಿನ ಗರಿ ಹಿಡಿದರೆ ಹೊಳಪು. ವ್ಯಾಪಾರಿ ಒಪ್ಪಿದರೆ ಅದೇ ಅಳತೆಯಲ್ಲಿ ನೂರಾರು ಗೊಂಬೆ. ಒಪ್ಪದಿದ್ದರೆ ಸ್ಯಾಂಪಲ್ ಒಲೆಗೆ. ಕೆಲವು ಮಾತ್ರ ಅಪ್ಪನ ಊಟದ ಡಬ್ಬಿಯಲ್ಲಿ ಮನೆಗೆ ಬಂದವು.

ಕಾಲೇಜಿನಲ್ಲಿದ್ದಾಗ ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ಬಗ್ಗೆ ಓದಿದೆ. ಟಾಪ್ಸ್ ಎಂಬ ಕಂಪನಿ 1960, 70ರ ದಶಕಗಳಲ್ಲಿ ಹೊಸ ಬಗೆಯ ಕಾರ್ಡುಗಳನ್ನು ಮೊದಲು ಕೆಲವೇ ಕಡೆ ಮಾರಿ ನೋಡುತ್ತಿತ್ತು. ಮಕ್ಕಳು ಮೆಚ್ಚದಿದ್ದರೆ ಅಲ್ಲಿಗೇ ನಿಲ್ಲಿಸುತ್ತಿತ್ತು. ಇವತ್ತು ಸಂಗ್ರಹಕಾರರು ದುಡ್ಡು ಸುರಿದು ಹುಡುಕುವುದು ಹಾಗೆ ಸೋತ ಕಾರ್ಡುಗಳನ್ನೂ. ಅದನ್ನು ಓದಿದ ವಾರವೇ ಊರಿಗೆ ಬಂದು ಅಟ್ಟ ಹತ್ತಿದೆ.

ಡಬ್ಬಿಯಲ್ಲಿ ಒಂದು ಪುಟ್ಟ ರೈಲಿತ್ತು. ಬೋಗಿಗಳ ಅಡಿಯಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದ ನಂಬರು: 1, 2, 4, 5. ಮೂರನೆಯದು ಇರಲಿಲ್ಲ. ಅಪ್ಪನ ಜೊತೆ ಕೆಲಸ ಮಾಡಿದವರ ಮನೆಗಳಿಗೆಲ್ಲ ಅಲೆದೆ. ಕೊನೆಗೆ ಒಬ್ಬರ ಮನೆಯಲ್ಲಿ ಅಂಬೆಗಾಲಿಡುವ ಮೊಮ್ಮಗು ಅದನ್ನು ನೆಲದ ಮೇಲೆ ಉರುಳಿಸುತ್ತಿತ್ತು. ಕೇಳಲು ಬಾಯಿ ಬರಲಿಲ್ಲ. ಮಗುವಿನ ಆಟಿಕೆ ಕಿತ್ತುಕೊಂಡು ಡಬ್ಬಿಯಲ್ಲಿ ಮುಚ್ಚಿಡುವುದು ಯಾವ ನ್ಯಾಯ?

ಅಷ್ಟರಲ್ಲಿ ಚಕ್ರವೊಂದು ಕಳಚಿತು. ಮಗು ಅದನ್ನು ಬಾಯಿಗಿಟ್ಟುಕೊಂಡಿತು. ಅಜ್ಜಿ ಓಡಿಬಂದು ಬೆರಳು ಹಾಕಿ ತೆಗೆದರು. ನನ್ನ ಜೀವ ಬಾಯಿಗೆ ಬಂದಿತ್ತು. “ತಗೊಂಡು ಹೋಗವ್ವ ಇದನ್ನ,” ಎಂದು ಬೋಗಿಯನ್ನು ನನ್ನ ಕೈಗೇ ಕೊಟ್ಟರು. ಮಾರನೇ ದಿನ ಮಗುವಿಗೊಂದು ಗಟ್ಟಿ ಗಿಲಕಿ ಕೊಟ್ಟು ಬಂದೆ.

ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದರು. “ಚಕ್ರ ಬಿಟ್ಕೊಳ್ತದೆ, ಬೇಡ ಅಂದಿದ್ದ ವ್ಯಾಪಾರಿ. ಅವನ ಮೇಲೆ ಎಷ್ಟು ಸಿಟ್ಟಿತ್ತು ನಂಗೆ. ಅವನು ಹೇಳಿದ್ದೇ ಸರಿ ಕಣಮ್ಮ.”

“ಮತ್ತೆ ಯಾಕೆ ಇಟ್ಕೊಂಡಿದ್ದೆ?”

“ಮಾರಿದ್ದೆಲ್ಲ ಅವರು ಕೇಳಿದ ಗೊಂಬೆ. ಇದು ನನಗೇ ಹೊಳೆದದ್ದು.”

ಚನ್ನಪಟ್ಟಣದ ಗೊಂಬೆಗೆ ಜಿಐ ಮಾನ್ಯತೆ ಸಿಕ್ಕಿದೆ, ಊರಿನ ಹೆಸರು ಉಳಿಯಿತು. ಆದರೆ ಅಪ್ಪ ಕಡೆದು ಮಾರಿದ ಯಾವ ಗೊಂಬೆಯ ಮೇಲೂ ಅಪ್ಪನ ಹೆಸರಿಲ್ಲ. ಅವರ ಕೈಬರಹ ಇರುವುದು ಈ ಸೋತ ರೈಲಿನ ಅಡಿಯಲ್ಲಿ ಮಾತ್ರ.

ಈಗ ಪ್ರತಿ ಗೊಂಬೆಗೂ ಒಂದು ಚೀಟಿ ಕಟ್ಟಿದ್ದೇನೆ: ಯಾರು ಕಡೆದದ್ದು, ಯಾಕೆ ಪಾಸಾಗಲಿಲ್ಲ. ರೈಲಿನ ಚೀಟಿಯಲ್ಲಿ ಚಕ್ರದ ಕಥೆಯನ್ನೂ ಬರೆದಿದ್ದೇನೆ. ನಿಮ್ಮ ಮನೆಯಲ್ಲೂ ಇಂಥದ್ದೊಂದು ಇದ್ದರೆ ಒಲೆಗೆ ಹಾಕುವ ಮುಂಚೆ ಅಡಿ ತಿರುಗಿಸಿ ನೋಡಿ. ಕಡೆದವರು ಇದ್ದಾಗಲೇ ಕೇಳಿ ಬರೆದಿಡಿ.