ಅಮ್ಮನ ಎರಡು ಹಾಡುಗಳು

ಆರತಿಯ ಹೊತ್ತಿಗೆ ಎಲ್ಲರ ಮುಂದೆ ಹೇಳುವ ಹಾಡು ಬೇರೆ, ಒಬ್ಬಳೇ ಕೂತು ಅಕ್ಕಿ ಆರಿಸುವಾಗ ಗುನುಗಿಕೊಳ್ಳುವ ಹಾಡು ಬೇರೆ. ಮೊದಲನೆಯದು ಕೇರಿಗೆಲ್ಲ ಗೊತ್ತು, ಎರಡನೆಯದು ಅಡಿಗೆಮನೆಯ ಗೋಡೆಗೆ ಮಾತ್ರ ಗೊತ್ತು. ಇದು ನಮ್ಮ ಹೆಂಗಸರಿಗಷ್ಟೇ ಸಲ್ಲುವ ಮಾತಲ್ಲ. ಜಗತ್ತನ್ನೇ ಕುಣಿಸಿದ ಬೀಟಲ್ಸ್ ತಂಡದವರಲ್ಲೂ ಹೀಗೆ ಎರಡು ಬಗೆಯ ಹಾಡುಗಳಿವೆ.

"ಬೀಟಲ್ಸ್ ಅಂದ್ರೆ ಕೂದಲು ಬಿಟ್ಕೊಂಡು ಕಿರುಚೋರು ತಾನೆ?" ಎಂದು ಸ್ಟಾಫ್ ರೂಮಿನಲ್ಲಿ ಒಬ್ಬರು ಮೂಗು ಮುರಿದರು. ಕಿರುಚುತ್ತಿದ್ದುದು ಹೆಚ್ಚಾಗಿ ಅವರೆದುರು ಕುಳಿತ ಹುಡುಗಿಯರು! ಇವರು ಇಂಗ್ಲೆಂಡಿನ ಲಿವರ್‌ಪೂಲ್ ಎಂಬ ಬಂದರು ಊರಿನ ನಾಲ್ವರು ಹುಡುಗರು: ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್. 1962ರಲ್ಲಿ ಅವರ ಮೊದಲ ರೆಕಾರ್ಡು ಬಂತು, 1970ರಲ್ಲಿ ತಂಡ ಒಡೆಯಿತು.

ಎಲ್ಲರಿಗೂ ಗೊತ್ತಿರುವುದು 1965ರ 'ಯೆಸ್ಟರ್‌ಡೇ'. ನಿದ್ದೆಯಿಂದ ಏಳುವಾಗ ಪಾಲ್‌ಗೆ ಅದರ ರಾಗ ಹೊಳೆಯಿತಂತೆ, ಮಾತು ಹೊಳೆಯಲಿಲ್ಲ. ರಾಗ ಮರೆತುಹೋಗದಿರಲೆಂದು ಬೆಳಗಿನ ಮೊಟ್ಟೆಯ ತಿಂಡಿಯ ಹೆಸರನ್ನೇ ಸೇರಿಸಿ ಹಾಡಿಕೊಂಡನಂತೆ. ನಾವು "ಉಪ್ಪಿಟ್ಟು, ಉಪ್ಪಿಟ್ಟು" ಎಂದು ಹಾಡಿಕೊಂಡ ಹಾಗೆ! 1966ರ 'ಎಲೀನರ್ ರಿಗ್ಬಿ'ಯಲ್ಲಿ ಒಬ್ಬ ಒಂಟಿ ಹೆಂಗಸು. ಯಾರದೋ ಮದುವೆ ಮುಗಿದ ಮೇಲೆ ಚರ್ಚಿನಲ್ಲಿ ಚೆಲ್ಲಿದ ಅಕ್ಕಿಕಾಳು ಆರಿಸುತ್ತಾಳೆ. ನಮ್ಮ ಅಕ್ಷತೆಯಂತೆ ಅವರಲ್ಲೂ ವಧೂವರರ ಮೇಲೆ ಅಕ್ಕಿ ಎರಚುವ ರೂಢಿಯಿದೆ ನೋಡಿ.

ಆದರೆ ನಾನು ಹೇಳಹೊರಟಿದ್ದು ಅಮ್ಮಂದಿರ ಮಾತು. ತಾಯಿಗಿಂತ ಬಂಧುವಿಲ್ಲ, ಉಪ್ಪಿಗಿಂತ ರುಚಿಯಿಲ್ಲ ಎನ್ನುತ್ತಾರಲ್ಲ, ಆ ಮಾತಿಗೆ ಲಿವರ್‌ಪೂಲೂ ಹೊರತಲ್ಲ. ಪಾಲ್‌ನ ಅಮ್ಮ ಮೇರಿ ಹೆರಿಗೆ ಮಾಡಿಸುವ ನರ್ಸ್. 1956ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡಾಗ ಮಗನಿಗೆ 14 ವರ್ಷ. ಜಾನ್ ಬೆಳೆದದ್ದು ದೊಡ್ಡಮ್ಮ ಮಿಮಿಯ ಮನೆಯಲ್ಲಿ. ಅವನ ಅಮ್ಮ ಜೂಲಿಯಾ ಅದೇ ಊರಿನಲ್ಲಿದ್ದಳು, ಮಗನಿಗೆ ಬ್ಯಾಂಜೋ ನುಡಿಸಲು ಕಲಿಸಿದವಳೂ ಅವಳೇ. 1958ರ ಜುಲೈನಲ್ಲಿ ಮಿಮಿಯ ಮನೆಗೆ ಬಂದು ಹೊರಟವಳಿಗೆ ರಸ್ತೆಯಲ್ಲಿ ಕಾರು ಬಡಿಯಿತು. ಆಗ ಜಾನ್‌ಗೆ 17.

ಮುಂದೆ ಇಬ್ಬರೂ ಅಮ್ಮನ ಮೇಲೆ ಹಾಡು ಕಟ್ಟಿದರು. ಪಾಲ್‌ನದು 'ಲೆಟ್ ಇಟ್ ಬಿ'. ತಂಡದಲ್ಲಿ ಮನಸ್ತಾಪ ಹೆಚ್ಚಿದ್ದ ದಿನಗಳಲ್ಲಿ ಅಮ್ಮ ಕನಸಿಗೆ ಬಂದು ಸಮಾಧಾನ ಹೇಳಿದಳಂತೆ. 1970ರಲ್ಲಿ ಹೊರಬಂದ ಈ ಹಾಡನ್ನು ಕೇಳಿ ಎಷ್ಟೋ ಜನ ಆ ಮೇರಿ ಯೇಸುವಿನ ತಾಯಿಯೇ ಎಂದು ತಿಳಿದರು.

ಜಾನ್‌ನ 'ಜೂಲಿಯಾ' ಹುಟ್ಟಿದ್ದು ನಮ್ಮ ಹೃಷೀಕೇಶದಲ್ಲಿ. 1968ರಲ್ಲಿ ನಾಲ್ವರೂ ಧ್ಯಾನ ಕಲಿಯಲು ಅಲ್ಲಿಗೆ ಬಂದಿದ್ದರು. ಖಾರ ಒಗ್ಗದ ರಿಂಗೋ ಡಬ್ಬಿಯ ಬೀನ್ಸ್ ಹೊತ್ತು ತಂದಿದ್ದ, ಬೇಗನೆ ಊರಿಗೆ ಹೊರಟುಬಿಟ್ಟ. ಜಾನ್ ಉಳಿದ. ಜೊತೆಗಿದ್ದ ಡೊನೊವನ್ ಎಂಬ ಹಾಡುಗಾರ ಗಿಟಾರಿನ ತಂತಿಯನ್ನು ಒಂದೊಂದೇ ಬೆರಳಿನಲ್ಲಿ ಮೀಟುವುದನ್ನು ಅವನಿಗೆ ಕಲಿಸಿಕೊಟ್ಟ. 'ಜೂಲಿಯಾ' ಹಾಡಿನಲ್ಲಿರುವುದು ಆ ಮೀಟು ಮತ್ತು ಜಾನ್‌ನ ದನಿ, ಅಷ್ಟೆ. ತಂಡದ ಉಳಿದ ಮೂವರಲ್ಲಿ ಯಾರೂ ಇಲ್ಲ. ಅಮ್ಮನ ಹೆಸರಿನೊಂದಿಗೆ ಹೊಸ ಒಲವಾದ ಯೋಕೊಳ ನೆನಪೂ ಬೆರೆತಿದೆ. 30 ಹಾಡುಗಳ ಜೋಡಿ ರೆಕಾರ್ಡಿನಲ್ಲಿ, ಮೊದಲ ತಟ್ಟೆಯ ಎರಡನೆಯ ಬದಿಯ ಕೊನೆಗೆ ಅದು ತಣ್ಣಗೆ ಕೂತಿದೆ.

ಮಗಳ ಫೋನಿನಲ್ಲಿ ಎರಡನ್ನೂ ಒಂದರ ಹಿಂದೊಂದು ಕೇಳಿದಾಗ ನನಗೆ ವ್ಯತ್ಯಾಸ ತಿಳಿಯಿತು. ಪಾಲ್‌ನ ಹಾಡಿನಲ್ಲಿ ಅಮ್ಮ ಬರುತ್ತಾಳೆ, ಮಾತಾಡುತ್ತಾಳೆ. ಜಾನ್‌ನ ಹಾಡಿನಲ್ಲಿ ಮಗ ಕರೆಯುತ್ತಲೇ ಇರುತ್ತಾನೆ, ಅಮ್ಮ ಓಗೊಡುವುದಿಲ್ಲ.

ನಮ್ಮಮ್ಮ ಹೋಗಿ ಒಂಬತ್ತು ವರ್ಷವಾಯಿತು. ಅಕ್ಕನ ಕನಸಿಗೆ ಆಗಾಗ ಬರುತ್ತಾಳೆ. "ಹಸಿರು ಸೀರೆ ಉಟ್ಕೊಂಡಿದ್ದಳು ಕಣೇ, ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟು ಅಂದಳು" ಎಂದು ತಿಥಿಯ ದಿನ ಅಕ್ಕ ಹೇಳುವಾಗ ಎಲ್ಲರ ಕಣ್ಣೂ ಒದ್ದೆ. "ನಿನ್ನ ಕನಸಿಗೆ?" ಎಂದು ಯಾರಾದರೂ ಕೇಳಿದರೆ ನಾನು ಎಲೆ ಹಾಕುವ ನೆಪದಲ್ಲಿ ಎದ್ದು ಹೋಗುತ್ತೇನೆ. ನನ್ನ ಕನಸಿಗೆ ಅಮ್ಮ ಒಮ್ಮೆಯೂ ಬಂದಿಲ್ಲ. ಕೊನೆಯ ತಿಂಗಳುಗಳಲ್ಲಿ ನಡುರಾತ್ರಿ ಎದ್ದು ನೀರು ಕುಡಿಸುತ್ತಿದ್ದವಳು ನಾನು. ಈಗಲೂ ಮೂರು ಗಂಟೆಗೆ ಎಚ್ಚರವಾಗುತ್ತದೆ. ಎಚ್ಚರವಾಗಿರುವವಳ ಕನಸಿಗೆ ಯಾರು ಬಂದಾರು ಹೇಳಿ?

ಈ ಸಲದ ತಿಥಿಗೆ ಊಟವೆಲ್ಲ ಮುಗಿದ ಮೇಲೆ ಅಕ್ಕನಿಗೆ 'ಜೂಲಿಯಾ' ಕೇಳಿಸಬೇಕೆಂದಿದ್ದೇನೆ. ಅವಳಿಗೆ ಇಂಗ್ಲಿಷ್ ಬಾರದು. ಚಿಂತೆಯಿಲ್ಲ. ಮಗ ಅಮ್ಮನನ್ನು ಕರೆಯುತ್ತಿದ್ದಾನೆಂದು ತಿಳಿಯಲು ಇಂಗ್ಲಿಷ್ ಯಾಕೆ ಬೇಕು?